ಬಾಳೆಮಂಡಿಯಲ್ಲಿ ಐದು ಲೀಟರಿನ ಕ್ಯಾನು

ನಮ್ಮ ಭಾವನ ಕಾಯಿಲೆಯನ್ನು ಮೊದಲು ಕಂಡುಹಿಡಿದವರು ಡಾಕ್ಟರಲ್ಲ, ಮಂಡಿಯ ಹಮಾಲರು. ಅದು ಕಾಯಿಲೆ ಎಂದು ಅವರಿಗೂ ಗೊತ್ತಿರಲಿಲ್ಲ, ಅಷ್ಟೆ.

ನಾಲ್ಕು ವರ್ಷದ ಹಿಂದಿನ ಮಾತು. ಬಾಳೆಮಂಡಿಯ ಬಾಗಿಲಲ್ಲಿ ನಿಂತು ಲಾರಿಯಿಂದ ಇಳಿಯುವ ಪೆಟ್ಟಿಗೆಗಳನ್ನು ನೋಡುತ್ತಿದ್ದ ಭಾವ ಇದ್ದಕ್ಕಿದ್ದಂತೆ ಕುತ್ತಿಗೆಯಿಂದ ಹಣೆಯವರೆಗೆ ಕೆಂಪಗಾಗಿಬಿಡುತ್ತಿದ್ದರು. ಎರಡು ನಿಮಿಷ ಇದ್ದು ಇಳಿಯುತ್ತಿತ್ತು. ಹಮಾಲರು "ಸಿಗ್ನಲ್ ಬಿತ್ತು, ನಿಲ್ಸ್ರೋ!" ಎಂದು ಪೆಟ್ಟಿಗೆ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಹೀಗೆ ಇಡೀ ಮಾರುಕಟ್ಟೆಗೆ ಅವರು 'ಸಿಗ್ನಲ್' ಆದರು. ಕೆಲವರು ಅದನ್ನು ಸಿಟ್ಟು ಅಂದುಕೊಂಡರು. ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಕದ್ದು ಕುಡಿಯುತ್ತಾರೆ ಅಂದುಕೊಂಡು ಎರಡು ತಿಂಗಳು ಬಾಯಿ ಮೂಸಿ ನೋಡಿದಳು. ಬಾಳೆಹಣ್ಣಿನ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ಜೊತೆಗೆ ದಿನಕ್ಕೆ ಆರೇಳು ಸಲ ಹೊಟ್ಟೆ ಹಿಡಿದುಕೊಂಡು ಓಡುವುದು ಬೇರೆ. ನಾನು ಅವರ ಬಲಗೈ, ಹದಿನೆಂಟು ವರ್ಷದಿಂದ ಮಂಡಿಯ ವ್ಯಾನು ಓಡಿಸುವವನು. ನನಗೇ ಆರು ತಿಂಗಳು ಹೇಳಿರಲಿಲ್ಲ ಪುಣ್ಯಾತ್ಮ.

ಕೊನೆಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು. ಸಣ್ಣಕರುಳಿನಲ್ಲಿ ಅವರೆಕಾಳಿನಷ್ಟು ಗೆಡ್ಡೆ. ಗಾತ್ರದಲ್ಲಿ ಕಾಳು, ಕೆಲಸದಲ್ಲಿ ಕಾರ್ಖಾನೆ. ಹಗಲೂ ರಾತ್ರಿ ಒಂದು ಹಾರ್ಮೋನ್ ತಯಾರಿಸಿ ರಕ್ತಕ್ಕೆ ಬಿಡುತ್ತಿತ್ತಂತೆ. ಮುಖ ಕೆಂಪಾಗುವುದಕ್ಕೂ ಹೊಟ್ಟೆ ಓಡುವುದಕ್ಕೂ ಅದೇ ಕಾರಣ. ಕರುಳಿನದನ್ನು ಕತ್ತರಿಸಿ ತೆಗೆದರು. ಆದರೆ ಲಿವರಿಗೆ ಮೂರು ಚುಕ್ಕೆ ಹಾರಿ ಕೂತಿದ್ದವು. ಅವು ಬೆಳೆಯದಂತೆ, ಹಾರ್ಮೋನ್ ಉಕ್ಕದಂತೆ ತಿಂಗಳಿಗೊಂದು ಇಂಜೆಕ್ಷನ್.

ಭಾವ ಆವತ್ತೇ ಕೇಳಿದರು. ಡಾಕ್ಟರಮ್ಮ ಕುಳ್ಳಗೆ, ಕನ್ನಡಕವನ್ನು ತಲೆ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವ ಹೆಂಗಸು.

"ಎಷ್ಟು ವರ್ಷ, ಹೇಳ್ಬಿಡಿ ಡಾಕ್ಟ್ರೇ. ನಾನು ವ್ಯಾಪಾರಿ. ಮಾಲು ಎಷ್ಟು ದಿನ ನಿಲ್ಲುತ್ತೆ ಅಂತ ಗೊತ್ತಿಲ್ದೆ ನಾನು ಏನನ್ನೂ ಇಟ್ಕೊಂಡವನಲ್ಲ."

"ಗೆಡ್ಡೆಗಳಲ್ಲಿ ಓಡೋವು ಇವೆ, ನಡೆಯೋವು ಇವೆ. ನಿಮ್ದು ತೆವಳೋ ಜಾತಿ. ನೂರು ಜೀವಕೋಶ ನೋಡಿದ್ರೆ ಅದ್ರಲ್ಲಿ ಎರಡು ಕೂಡ ಬೆಳೆಯೋ ಗಡಿಬಿಡೀಲಿಲ್ಲ. ಲಿವರಿಗೆ ಹೋಗಿದೆ, ಅದು ನಿಜ. ಪೂರ್ತಿ ವಾಸಿ ಆಯ್ತು ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ನಿಮ್ಮಂಥೋರು ಹತ್ತು ವರ್ಷ, ಹದಿನೈದು ವರ್ಷ ಇಂಜೆಕ್ಷನ್ ತಗೊಂಡು, ನನ್ನ ಹತ್ರ ಜಗಳ ಆಡ್ಕೊಂಡು ಓಡಾಡ್ತಾ ಇದಾರೆ."

"ಇದೊಳ್ಳೆ ಅಡ್ಡಗೋಡೆ ಮೇಲೆ ದೀಪ ಇಟ್ಟಂಗಾಯ್ತಲ್ಲ."

"ಇಟ್ಟಿದೀನಲ್ಲ, ಸಂತೋಷ ಪಡಿ. ಎರಡೂ ಕಡೆಗೂ ಬೆಳಕು."

ಮೂರು ವರ್ಷ ಬೆಳಕಿನಲ್ಲೇ ಕಳೆಯಿತು. ಮುಖ ಕೆಂಪಾಗುವುದು ನಿಂತಿತು, ಹೆಸರು ಮಾತ್ರ ಉಳಿಯಿತು. ಆರು ತಿಂಗಳಿಗೊಮ್ಮೆ ಒಂದು ಪರೀಕ್ಷೆ. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದು ಹನಿ ಬಿಡದೆ ಐದು ಲೀಟರಿನ ಬಿಳಿ ಕ್ಯಾನಿನಲ್ಲಿ ಹಿಡಿದು ಕೊಡಬೇಕು. ಗೆಡ್ಡೆ ಎಷ್ಟು ಹಾರ್ಮೋನ್ ಬಿಡುತ್ತಿದೆ ಎಂಬುದು ಅದರಲ್ಲಿ ತಿಳಿಯುತ್ತದೆ. ಮೂರು ದಿನ ಮೊದಲಿಂದ, ಹಿಡಿಯುವ ದಿನವೂ ಸೇರಿ, ಕೆಲವು ಪದಾರ್ಥ ತಿನ್ನಬಾರದು. ಆ ಚೀಟಿಯನ್ನು ಅಕ್ಕ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು: ಟೊಮ್ಯಾಟೊ, ಬದನೆ, ಅನಾನಸು, ಅಕ್ರೋಟು, ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ಬಾಳೆಹಣ್ಣು. ಅಷ್ಟು ದಿನ ಅವಳು ಗಂಡನನ್ನು ಮಂಡಿಗೇ ಬಿಡುತ್ತಿರಲಿಲ್ಲ; ಹಣ್ಣು ಮಾಗಿಸುವ ಕೋಣೆಗಳನ್ನು ನಾವು ಮೊದಲೇ ಖಾಲಿ ಮಾಡಿಡುತ್ತಿದ್ದೆವು. ಮನೆಯಲ್ಲಿ ಕೂರಿಸಿ ಕಪಾಟು ಜೋಡಿಸುವುದು, ಗಡಿಯಾರಕ್ಕೆ ಸೆಲ್ ಹಾಕುವುದು, ಹೀಗೆ ವರ್ಷದ ಬಾಕಿ ಕೆಲಸವನ್ನೆಲ್ಲ ಮಾಡಿಸಿಕೊಳ್ಳುತ್ತಿದ್ದಳು. ಪ್ರತಿ ಸಲವೂ ಅಂಕಿ ಇದ್ದಲ್ಲೇ ಇರುತ್ತಿತ್ತು.

ಈ ವರ್ಷ ಮಾತ್ರ ಒಂದು ಹೊಸ ಸಂಗತಿ ನಡೆಯಿತು. ಮಗಳು ಮಂಡಿಗೆ ಬಂದಳು.

ಇಪ್ಪತ್ತಾರು ವರ್ಷದವಳನ್ನು ನಾವು ಇನ್ನೂ ಪುಟ್ಟಿ ಅನ್ನುತ್ತೇವೆ. ಶೀತಲಗೃಹದ ಕಂಪನಿಯೊಂದರಲ್ಲಿ ಮೂರು ವರ್ಷ ದುಡಿದು, ಒಂದು ದಿನ ಬಂದು, "ಅಪ್ಪ, ಮಂಡಿ ನಾನು ನೋಡ್ಕೊಳ್ತೀನಿ. ಸುಮ್ನೆ ಕೂತ್ಕೊಳ್ಳಿ ಅಂತಲ್ಲ, ಜೊತೆಗಿರಿ" ಅಂದಳು. ಕಟ್ಟಡದ ಮಾಲೀಕರು ಹತ್ತು ವರ್ಷದ ಹೊಸ ಕರಾರಿಗೆ ಒಪ್ಪಿದ್ದರು. ಅಪ್ಪ ಮಗಳು ಇಬ್ಬರೂ ಸಹಿ ಹಾಕುವುದು ಎಂದು ಮಾತಾಯಿತು. ಭಾವನ ಖುಷಿ ನೋಡಬೇಕಿತ್ತು. ದಿನಾ ಬೆಳಗ್ಗೆ ಐದಕ್ಕೆಲ್ಲ ಮಗಳನ್ನು ಎಬ್ಬಿಸಿಕೊಂಡು ಬಂದು ಪಾಠ ಶುರು. ಪರೀಕ್ಷೆಯ ದಿನ ಬಂದಾಗಲೂ, "ಪಾಠ ಅರ್ಧಕ್ಕೆ ನಿಲ್ಲಬಾರ್ದು ಕಣೇ. ನಾನೇನು ಹಸುಗೂಸಾ? ತಿನ್ನಲ್ಲ ಅಂದ್ಮೇಲೆ ತಿನ್ನಲ್ಲ" ಎಂದು ಅಕ್ಕನನ್ನು ಒಪ್ಪಿಸಿ, ಕ್ಯಾನನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಮಂಡಿಗೇ ಬಂದರು.

ಫಲಿತಾಂಶ ಬಂದದ್ದು ಬುಧವಾರ. ಅಂಕಿ ಹಿಂದಿನದರ ಮೂರು ಪಟ್ಟು.

ಡಾಕ್ಟರಮ್ಮ ತಲೆ ಮೇಲಿನ ಕನ್ನಡಕ ಇಳಿಸಿ ಕಾಗದವನ್ನು ಎರಡು ಸಲ ಓದಿದರು.

"ಮುಖ ಕೆಂಪಾಗ್ತಾ ಇದೆಯಾ?"

"ಇಲ್ಲ."

"ಹೊಟ್ಟೆ?"

"ಗಡಿಯಾರ ಇದ್ದಂಗಿದೆ."

"ಬಾಳೆಹಣ್ಣು, ಗೀಳೆಹಣ್ಣು ತಿಂದ್ರಾ?"

"ಮೂರು ದಿನ, ಅದರ ಮಾರನೇ ದಿನವೂ, ಒಂದು ಹಣ್ಣೂ ತಿಂದಿಲ್ಲ."

"ಮನೇಲಿ ನಾನೇ ಕಾವಲಿದ್ದೆ ಡಾಕ್ಟ್ರೇ, ಟೊಮ್ಯಾಟೊ ಕೂಡ ಒಳಗೆ ಬಿಟ್ಟಿಲ್ಲ" ಅಂದಳು ಅಕ್ಕ. ನಾನೂ ತಲೆಯಾಡಿಸಿದೆ. ಮಂಡಿಯಲ್ಲಿ ಅವರು ಊಟದ ಡಬ್ಬಿಯ ಅನ್ನ ಬಿಟ್ಟು ಬೇರೇನೂ ತಿಂದದ್ದನ್ನು ನಾನು ಕಂಡಿರಲಿಲ್ಲ. ಮೂವರೂ ನಮಗೆ ಗೊತ್ತಿದ್ದ ಸತ್ಯವನ್ನೇ ಹೇಳಿದ್ದೆವು.

"ನನಗೆ ಈ ಅಂಕಿ ಒಗ್ತಾ ಇಲ್ಲ" ಅಂದರು ಡಾಕ್ಟರಮ್ಮ. "ಮನುಷ್ಯ ಚೆನ್ನಾಗಿದಾನೆ, ಕಾಗದ ಚೆನ್ನಾಗಿಲ್ಲ. ಹತ್ತು ದಿನ ಬಿಟ್ಟು ಸ್ಕ್ಯಾನ್ ಮಾಡೋಣ. ಅಲ್ಲೀವರೆಗೆ ಯಾರೂ ಏನೂ ತೀರ್ಮಾನ ಮಾಡ್ಕೋಬೇಡಿ."

ಭಾವ ವ್ಯಾನಿನಲ್ಲಿ ಕೂತ ತಕ್ಷಣ ತೀರ್ಮಾನ ಮಾಡಿಕೊಂಡರು.

"ಮೂಲೆ ಅಂಗಡಿ ಹತ್ರ ನಿಲ್ಸು."

"ಯಾಕೆ ಭಾವ?"

"ಮಂಡಿ ಕೊಟ್ಬಿಡ್ತೀನಿ ಅವ್ನಿಗೆ. ಎರಡು ವರ್ಷದಿಂದ ಕೇಳ್ತಾ ಇದಾನೆ."

ನಾನು ಬ್ರೇಕ್ ಹಾಕಿದ ರಭಸಕ್ಕೆ ಅಕ್ಕನ ಹಣೆ ಮುಂದಿನ ಸೀಟಿಗೆ ಬಡಿಯಿತು. ಭಾವ ಮಾತ್ರ ಶಾಂತವಾಗಿದ್ದರು. ಒಂದು ಕೋಣೆಯಲ್ಲಿ ಒಂದೇ ಒಂದು ಹಣ್ಣು ಅತಿಯಾಗಿ ಮಾಗಿದರೂ ಸಾಕು, ಅದರ ಗಾಳಿಗೆ ಪೇರಿಸಿಟ್ಟ ಪೆಟ್ಟಿಗೆಗಳ ಅಟ್ಟಿಯೆಲ್ಲ ಮಾಗುತ್ತದೆ, ಮೊದಲು ನಿಧಾನ, ಆಮೇಲೆ ಒಂದೇ ಸಮನೆ. ಲಿವರಿನಲ್ಲಿ ಮೂರಿದ್ದವು, ಈಗ ಹೊರಟವು, ಅಷ್ಟೆ. ಇದು ಅವರ ಲೆಕ್ಕಾಚಾರ. ಮೂವತ್ತು ವರ್ಷ ಮಾಗುವುದನ್ನೇ ನೋಡಿದ ಮನುಷ್ಯ. ಅವರ ದನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

"ಕಪ್ಪಾಗೋಕೆ ಮುಂಚೆ ಮಾರ್ಬೇಕು ಮಾಲನ್ನ. ಆ ಮಗೂನ ಹತ್ತು ವರ್ಷದ ಕರಾರಿಗೆ ಕಟ್ಟಿಹಾಕಿ ನಾನು ಹೊರಟುಹೋದ್ರೆ? ನಾಲಿಗೆ ಇನ್ನೂ ಪಳಗಿಲ್ಲ ಅವಳ್ದು."

ಮೂಲೆ ಅಂಗಡಿಯ ಯಜಮಾನ ದಪ್ಪಗೆ, ಮೆತ್ತಗೆ ಮಾತಾಡುವ ಆಸಾಮಿ. ಅವರಿಗೆ ಸ್ವಂತ ಮಾಗಿಸುವ ಕೋಣೆಗಳಿಲ್ಲ, ನಮ್ಮಿಂದಲೇ ಹಣ್ಣು ಒಯ್ಯುತ್ತಿದ್ದರು. ಭಾವ ಹೇಳಿದ್ದು ಕೇಳಿ ಎದ್ದು ನಿಂತು ಎರಡೂ ಕೈಯಲ್ಲಿ ಭಾವನ ಕೈ ಹಿಡಿದುಕೊಂಡರು. ಮುಂದಿನ ವಾರದ ಶುಕ್ರವಾರ ಸಂಜೆ ಕಾಗದಪತ್ರ ಎಂದು ಮಾತಾಯಿತು. ನಮ್ಮ ಮಾರುಕಟ್ಟೆಯಲ್ಲಿ ಕೈ ಹಿಡಿದು ಕೊಟ್ಟ ಮಾತು ಮುದ್ರೆ ಒತ್ತಿದ ಹಾಗೆ.

ಮನೆಯಲ್ಲಿ ಆದದ್ದನ್ನು ಏನು ಹೇಳಲಿ. ಪುಟ್ಟಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

"ನನ್ನ ಒಂದು ಮಾತು ಕೇಳಿದ್ರಾ ಅಪ್ಪ?"

"ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದು ಮೂಲೆ ಅಂಗಡೀಲಿದೆ ಅಂತ ಯಾರು ಹೇಳಿದ್ರು ನಿಮ್ಗೆ? ನೀವಿಲ್ದೇ ಹೋದ್ರೂ ನಾನು ನಡೆಸ್ತೀನಿ. ಆದ್ರೆ ನೀವು ಇರೋವಾಗ್ಲೇ ಇಲ್ದೋರ ಥರ ಮಾತಾಡ್ತೀರಲ್ಲ, ಅದಕ್ಕೆ ನಾನೇನು ಮಾಡ್ಲಿ?"

"ಕೊಟ್ಟಾಯ್ತಲ್ಲ ಮಾತು."

"ಆಯ್ತು ಬಿಡಿ. ಹೆಣ್ಣು ಕೊಟ್ರೂ ಇಷ್ಟು ಬೇಗ ಕೊಡಲ್ಲ ಯಾರೂ" ಎಂದು ಅಕ್ಕ ಪಾತ್ರೆಯನ್ನು ಕುಕ್ಕಿದಳು.

ಗುರುವಾರ ಮಂಡಿಯಲ್ಲಿ ಅಪ್ಪನೂ ಮಗಳೂ ನನ್ನ ಮೂಲಕ ಮಾತಾಡಿದರು. "ಮಾಮ, ಎರಡನೇ ಕೋಣೆ ತಣ್ಣಗಾಯ್ತು ಅಂತ ಹೇಳಿ ಅವ್ರಿಗೆ." "ಏನಯ್ಯಾ, ಕಣ್ಣಿದ್ದೋರಿಗೆ ಅದು ಕಾಣುತ್ತೆ ಅಂತ ಹೇಳು ಅವಳಿಗೆ." ಮಧ್ಯೆ ನಾನು ಅಂಚೆಯವನು.

ಮಾರನೇ ದಿನ, ಶುಕ್ರವಾರ ಬೆಳಗ್ಗೆ, ವ್ಯಾನಿಗೆ ಪೆಟ್ಟಿಗೆ ತುಂಬುತ್ತಿದ್ದೆ. ನಮ್ಮ ಹಳೇ ಗಿರಾಕಿ, ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿ ಇಟ್ಟಿರುವ ಹೆಂಗಸು, ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳಿದಳು: "ಅಣ್ಣ, ಹೋದ ವಾರ ಎರಡನೇ ಕೋಣೆ ಬಾಗಿಲಲ್ಲಿ ಬಿಳೀ ಕ್ಯಾನ್ ಇತ್ತಲ್ಲ, ಆ ಔಷಧಿ ಎಲ್ಲಿ ಸಿಗುತ್ತೆ? ಆವತ್ತಿನ ಹಣ್ಣು ಏನು ಬಣ್ಣ, ಏನು ಬಣ್ಣ! ನಾನೂ ಮನೇಲಿ ಒಂದು ಚಿಪ್ಪಿಗೆ ಚಿಮುಕಿಸಿ ನೋಡ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕೆ. "ತಾಯಿ, ಅದು ಅಂಗಡೀಲಿ ಸಿಗಲ್ಲ, ಯಜಮಾನ್ರ ಸ್ವಂತ ತಯಾರಿಕೆ" ಅಂದೆ. ಇದನ್ನು ಹೇಳೋಣವೆಂದು ನಗುತ್ತಲೇ ಎರಡನೇ ಕೋಣೆಯ ಬಾಗಿಲು ತಳ್ಳಿದೆ.

ಉಳಿದೆರಡು ಕೋಣೆ ಮುಗಿಸಿ ಬಂದು ಭಾವ ಒಳಗೆ ಪಾಠ ಮಾಡುತ್ತಿದ್ದರು. ಸಿಟ್ಟು ಸಿಟ್ಟೇ, ಕೆಲಸ ಕೆಲಸವೇ. ಒಂದೊಂದು ಕೋಣೆಯಲ್ಲಿ ಎಂಟು ಅಟ್ಟಿ. ಕಾಯಿ ಬಂದು ಐದಾರು ದಿನ ಅಲ್ಲಿರುತ್ತದೆ. ಎಷ್ಟು ಬಿಸಿ, ಎಷ್ಟು ಗಾಳಿ ಎಂಬುದನ್ನೆಲ್ಲ ಯಂತ್ರ ಹೇಳುತ್ತದೆ. ಆದರೆ ಮಾಲು ಹೊರಡುವ ದಿನ ಇವತ್ತೋ ನಾಳೆಯೋ ಎಂಬುದನ್ನು ಹೇಳುವುದು ಭಾವನ ಬಾಯಿ. ಪ್ರತಿ ಅಟ್ಟಿಯಿಂದ ಒಂದು ಹಣ್ಣು ಕಿತ್ತು, ಸುಲಿದು, ಒಂದು ಕಚ್ಚು ಕಚ್ಚಿ, ಕಣ್ಣು ಮುಚ್ಚಿ ನುಂಗುವುದು. ಕಚ್ಚಿದ ಹಣ್ಣು ಬುಟ್ಟಿಗೆ. ಹದಿನೆಂಟು ವರ್ಷದಿಂದ ದಿನವೂ ನನ್ನೆದುರೇ ನಡೆಯುವ ಕೆಲಸ. ಗೋಡೆಯ ಬಣ್ಣ ಕಣ್ಣಿಗೆ ಬೀಳುವುದಿಲ್ಲವಲ್ಲ, ಹಾಗೆ ಇದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಉಗಿಬೇಡ" ಅನ್ನುತ್ತಿದ್ದರು ಮಗಳಿಗೆ. "ಸಿಹಿ ನಾಲಿಗೆಗೆ ಗೊತ್ತಾಗುತ್ತೆ. ಒಗರು ಗೊತ್ತಾಗೋದು ಗಂಟಲಿಗೆ. ನುಂಗಿದ್ಮೇಲೆ ಒಂದು ಕ್ಷಣ ಬಿಟ್ಟು ಹಿಡಿಯುತ್ತಲ್ಲ, ಅದು ಒಗರು. ಅದಿದ್ರೆ ದೋರೆಗಾಯಿ. ಬಾಗಿಲು ತೆಗೀಬೇಡ."

ನನ್ನ ನಗು ಅರ್ಧಕ್ಕೆ ನಿಂತಿತು.

"ಭಾವ, ಕ್ಯಾನ್ ಹಿಡಿದ ದಿನವೂ ಹಿಂಗೇ ನೋಡಿದ್ರಾ?"

"ನೋಡ್ದೆ ಬಾಗಿಲು ತೆಗೆಯೋಕಾಗುತ್ತಾ?"

"ಅದಕ್ಕೆ ಮುಂಚಿನ ಮೂರು ದಿನ?"

"ಮಂಡಿ ಏನು ಮುಚ್ಚಿತ್ತಾ? ಏನಯ್ಯಾ ನಿನ್ ಪ್ರಶ್ನೆ ಬೆಳಬೆಳಗ್ಗೆ?"

"ಹಂಗಾದ್ರೆ ಬಾಳೆಹಣ್ಣು ತಿಂದ್ರಲ್ಲ!"

ಭಾವ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. "ತಿಂದ್ನಾ? ಯಾರು ತಿಂದ್ರು? ರುಚಿ ನೋಡ್ದೆ. ತಿನ್ನೋದು ಅಂದ್ರೆ ಕೂತು, ಸುಲಿದು, ಪೂರ್ತಿ ಹಣ್ಣು ತಿನ್ನೋದು. ನಾನು ಹಂಗೆ ಬಾಳೆಹಣ್ಣು ತಿಂದು ಇಪ್ಪತ್ತು ವರ್ಷ ಆಯ್ತು. ನೋಡಿದ್ರೇ ಬೇಜಾರು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಮಂಡಿಯವರ್ಯಾರೂ ರುಚಿ ನೋಡಿದ್ದನ್ನು ತಿಂದದ್ದರ ಸಾಲಿಗೆ ಸೇರಿಸುವುದಿಲ್ಲ. ಅಡುಗೆಯವರು ಉಪ್ಪು ನೋಡಿದ್ದನ್ನು ಊಟ ಅನ್ನುತ್ತಾರೆಯೇ?

ಪುಟ್ಟಿ ಮೂರೂ ಕೋಣೆಯ ಬುಟ್ಟಿಗಳಿಂದ ಅಪ್ಪ ಕಚ್ಚಿದ ಹಣ್ಣುಗಳನ್ನು ಆರಿಸಿದಳು. ಇಪ್ಪತ್ತನಾಲ್ಕು. ತೂಕದ ಯಂತ್ರದ ಮೇಲಿಟ್ಟಳು. ಅವೇ ಅಟ್ಟಿಗಳಿಂದ ಇಪ್ಪತ್ತನಾಲ್ಕು ಇಡೀ ಹಣ್ಣು ತಂದು ಸುಲಿದು ತೂಗಿದಳು. ವ್ಯತ್ಯಾಸ ಆರುನೂರ ಇಪ್ಪತ್ತು ಗ್ರಾಂ.

"ಆರು ಹಣ್ಣು, ಅಪ್ಪ. ದಿನಕ್ಕೆ ಆರು. ನಾಲ್ಕು ದಿನಕ್ಕೆ ಎರಡು ಡಜನ್."

ಭಾವ ಯಂತ್ರದ ಅಂಕಿಯನ್ನು ನೋಡಿದರು, ಮಗಳನ್ನು ನೋಡಿದರು, ಆಮೇಲೆ ಕೈಯಲ್ಲಿದ್ದ ಸಿಪ್ಪೆಯನ್ನು ನೋಡಿದರು. ಎರಡು ದಿನದ ಮೇಲೆ ಅವಳು ನೇರವಾಗಿ 'ಅಪ್ಪ' ಅಂದಿದ್ದಳು. ಅದು ಅವರಿಗೆ ಹೆಚ್ಚು ನಾಟಿತೋ, ಆರುನೂರ ಇಪ್ಪತ್ತು ನಾಟಿತೋ ಗೊತ್ತಿಲ್ಲ.

ನಾನು ಅಲ್ಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆಯಿಂದ ನಗು.

"ಬಾಳೆಹಣ್ಣಲ್ಲೂ ಗೆಡ್ಡೆ ಬಿಡೋ ಅದೇ ಪದಾರ್ಥ ಇದೆ ಕಣ್ರೀ. ಅದೂ ಮೂತ್ರದಲ್ಲೇ ಬರುತ್ತೆ. ಗೆಡ್ಡೆಯದು ಯಾವುದು, ಹಣ್ಣಿಂದು ಯಾವುದು ಅಂತ ಲ್ಯಾಬಿಗೆ ಗೊತ್ತಾಗಲ್ಲ. ನೀವೇನು ಕೆಲಸ ಮಾಡ್ತೀರಿ ಅಂತ ನಂಗೆ ಗೊತ್ತಿತ್ತು. ಆ ಕೆಲಸ ಹೆಂಗೆ ಮಾಡ್ತೀರಿ ಅಂತ ಕೇಳ್ಬೇಕಿತ್ತು, ತಪ್ಪು ನಂದೂ ಇದೆ. ಇನ್ನೊಂದ್ಸಲ ಮಾಡೋಣ. ನಾಳೆಯಿಂದ ಮೂರು ದಿನ ಪಥ್ಯ, ಮಂಗಳವಾರ ಕ್ಯಾನ್. ಸ್ಕ್ಯಾನನ್ನೂ ಗುರುವಾರಕ್ಕೆ ಹಾಕಿಸ್ತೀನಿ."

"ಮಂಡಿಗೆ ಕಾಲಿಡಬಾರ್ದಾ?" ಭಾವ ಫೋನಿಗೆ ಬಾಯಿಟ್ಟು ಕೂಗಿದರು.

"ಕಾಲಿಡಿ. ಬಾಯಿಡಬೇಡಿ."

ಅಕ್ಕನಿಗೆ ಸುದ್ದಿ ಮುಟ್ಟಿದಾಗ ಅವಳು ಕುರ್ಚಿಯಲ್ಲಿ ಕೂತುಬಿಟ್ಟಳು. "ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಅಂತಾರೆ. ನಮ್ಮನೇಲಿ ಹಣ್ಣು ತಿಂದವ್ರೇ ಸಿಕ್ಕಿಬಿದ್ದು, ನಮ್ಮೆಲ್ಲರ ಜೀವಾನೂ ಹಿಂಡಿದ್ರು" ಅಂದಳು. ಬೈಯುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭಾವ ಮಾತ್ರ ಪಟ್ಟು ಬಿಡಲಿಲ್ಲ. "ಮುಳುಗೋನಿಗೆ ಹುಲ್ಲುಕಡ್ಡಿ ಕೊಡ್ತಾ ಇದೀರಿ ಎಲ್ರೂ. ಬರೋ ಶುಕ್ರವಾರ ಸಂಜೆ ಅಂತ ಕೊಟ್ಟ ಮಾತು ಮಾತೇ. ಆವತ್ತು ಬೆಳಗ್ಗೆ ಲ್ಯಾಬಿನ ಕಾಗದ ಬರ್ಲಿ, ನೋಡೋಣ."

ಈಗ ಪ್ರಶ್ನೆ, ಕೋಣೆಗಳು ತುಂಬಿರುವಾಗ ನಾಲ್ಕು ದಿನ ರುಚಿ ನೋಡಿ ಬಾಗಿಲು ತೆಗೆಸುವವರು ಯಾರು? ಅಕ್ಕ ಗಂಡನ ಬಾಯಿಗೆ ಮಾಸ್ಕ್ ಕಟ್ಟಿ ಕಳಿಸಿದಳು. ಭಾವ ಕೋಣೆಗಳ ಮುಂದೆ ಸ್ಟೂಲ್ ಹಾಕಿಕೊಂಡು, ಕೈ ಕಟ್ಟಿಕೊಂಡು, ಬಣ್ಣ ನೋಡುತ್ತಾ, ಮಾಸ್ಕ್ ಸರಿಸಿ ವಾಸನೆ ಹಿಡಿಯುತ್ತಾ ಕೂತರು. ಪುಟ್ಟಿ ಕಚ್ಚಿದಳು, ನುಂಗಿದಳು, ಕಣ್ಣು ಮುಚ್ಚಿದಳು.

"ಮೂರನೇ ಕೋಣೆ ಇವತ್ತೇ ತೆಗೀಬೇಕು" ಅಂದಳು ಭಾನುವಾರ.

"ನಾಳೆ" ಅಂದರು ಮಾಸ್ಕಿನೊಳಗಿಂದ.

"ಇವತ್ತು. ಗಂಟಲಲ್ಲಿ ಏನೂ ಹಿಡೀತಾ ಇಲ್ಲ."

"ಬಣ್ಣ ನೋಡೇ! ತುದಿ ಹಸಿರು."

"ಬಣ್ಣ ನಂಬಬೇಡ ಅಂತ ಹೇಳ್ಕೊಟ್ಟೋರು ಯಾರು?"

ಬಾಗಿಲು ಅಂದೇ ತೆರೆಯಿತು. ಮಧ್ಯಾಹ್ನದೊಳಗೆ ಮಾಲು ಖಾಲಿ. ತಳ್ಳುಗಾಡಿಯ ಹೆಂಗಸು ಎರಡನೇ ಸಲ ಬಂದು ಇನ್ನೂ ಎರಡು ಪೆಟ್ಟಿಗೆ ಒಯ್ದಳು. ಭಾವ ಸ್ಟೂಲನ್ನು ಎರಡು ಅಡಿ ಹಿಂದಕ್ಕೆ ಸರಿಸಿಕೊಂಡರು. ಸೋಮವಾರ ಅವಳು ಎಡವಿದಳು. ಒಂದನೇ ಕೋಣೆಯ ಗೋಡೆ ಪಕ್ಕದ ಅಟ್ಟಿ ಇನ್ನೂ ದೋರೆಗಾಯಿ, ನಾಲ್ಕು ಪೆಟ್ಟಿಗೆ ವಾಪಸ್ ಬಂದವು. ಅವಳ ಮುಖ ಸಣ್ಣದಾಯಿತು.

"ಗೋಡೆ ಕಡೆಯದನ್ನ ಎರಡು ಕಡೆ ಕಚ್ಬೇಕು" ಅಂದರು ಭಾವ. "ನಾಲ್ಕಕ್ಕೇ ಅಳ್ತೀಯಾ? ಮೊದಲ ವರ್ಷ ನಾನು ನಲವತ್ತು ವಾಪಸ್ ತಗೊಂಡಿದ್ದೆ. ನಿಮ್ಮ ಮಾಮನ್ನ ಕೇಳು." ನಾನು ಆಗ ಇಲ್ಲಿರಲೇ ಇಲ್ಲ, ಆದರೂ ಹೌದೆಂದೆ.

ಮಂಗಳವಾರ ಕ್ಯಾನು ತುಂಬಿತು. ಗುರುವಾರ ಸ್ಕ್ಯಾನ್ ಆಯಿತು. ಶುಕ್ರವಾರ ಬೆಳಗ್ಗೆ ನಾಲ್ವರೂ ಡಾಕ್ಟರಮ್ಮನ ಎದುರು ಮೂರು ಕುರ್ಚಿಯಲ್ಲಿ ಹೇಗೋ ಕೂತಿದ್ದೆವು. ಭಾವ ಅಲ್ಲಾಡಲಿಲ್ಲ, ಅವರ ಬಲಗಾಲು ಮಾತ್ರ ಮೇಜಿನ ಕೆಳಗೆ ಹೊಲಿಗೆಯಂತ್ರದ ಹಾಗೆ ಕುಣಿಯುತ್ತಿತ್ತು. ಅಕ್ಕ ಅದರ ಮೇಲೆ ಕೈಯಿಟ್ಟಳು.

"ಅಂಕಿ ಹೋದ ವರ್ಷದ್ದೇ" ಅಂದರು ಡಾಕ್ಟರಮ್ಮ. "ಸ್ವಲ್ಪ ಕಮ್ಮಿನೇ ಇದೆ. ಸ್ಕ್ಯಾನಲ್ಲಿ ಮೂರು ಚುಕ್ಕೆ. ನಾಲ್ಕನೇದಿಲ್ಲ, ಇರೋ ಮೂರೂ ದಪ್ಪ ಆಗಿಲ್ಲ."

ಭಾವ ಹಣ್ಣಿನ ಕೋಣೆಯ ವಿಷಯ ತೆಗೆದರು, ಒಂದು ಮಾಗಿದರೆ ಎಲ್ಲ ಮಾಗುವುದಿಲ್ಲವೇ ಎಂದು.

"ಓ, ಅದಾ ನಿಮ್ಮ ಲೆಕ್ಕ!" ಡಾಕ್ಟರಮ್ಮ ಮುಂದಕ್ಕೆ ಬಾಗಿದರು. "ನಿಮ್ಮ ಹಣ್ಣು ಐದು ದಿನಕ್ಕೆ ಮಾಗುತ್ತೆ, ಯಾಕಂದ್ರೆ ಮಾಗೋದೇ ಅದರ ಕೆಲಸ. ಇದು ಮೂರು ವರ್ಷದಿಂದ ಅಲ್ಲೇ ಕೂತಿದೆ. ಗೆಡ್ಡೆ ಹೆಂಗೆ ನಡೆಯುತ್ತೆ ಅಂತ ತಿಳಿಯೋಕೆ ಒಂದೇ ಕಾಗದ ಸಾಲದು, ಅದು ಇಷ್ಟು ವರ್ಷ ಹೆಂಗೆ ನಡೆದಿದೆ ಅಂತ ನೋಡ್ಬೇಕು. ನಿಮ್ದು ಸೋಮಾರಿ ಅಂತ ಮೂರು ವರ್ಷದಿಂದ ತಾನೇ ಹೇಳ್ಕೊಂಡು ಬಂದಿದೆ."

"ಮುಂದೆ?"

"ಬೆಳೆಯೋದೇ ಇಲ್ಲ ಅಂತ ಬರ್ಕೊಡಲ್ಲ. ಒಂದಿನ ಅಲ್ಲಾಡ್ಬಹುದು. ಅಲ್ಲಾಡಿದ್ರೆ ಇನ್ನೂ ಎರಡು ಮೂರು ಚಿಕಿತ್ಸೆ ಇವೆ, ಒಂದನ್ನೂ ನಾನಿನ್ನೂ ಮುಟ್ಟಿಲ್ಲ. ಈ ಹಾರ್ಮೋನ್ ಹೃದಯದ ಕವಾಟಾನೂ ಕೆಡಿಸ್ಬಹುದು, ಅದಕ್ಕೇ ಅದನ್ನ ವರ್ಷಕ್ಕೊಂದ್ಸಲ ನೋಡ್ತೀನಿ, ಅದೂ ಗಟ್ಟಿ ಇದೆ. ಹತ್ತು ವರ್ಷದ ಕರಾರು ಅಂತ ಮಗಳು ಹೇಳ್ತಿದ್ಲು. ಸಹಿ ಹಾಕ್ಬೇಡಿ ಅನ್ನೋಕೆ ನನ್ನ ಹತ್ರ ಒಂದು ಕಾರಣಾನೂ ಇಲ್ಲ."

ಹೊರಗೆ ಬಂದು ಭಾವ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತರು. "ಈಗ ಕಷ್ಟದ ಕೆಲಸ" ಅಂದರು. "ಬದುಕ್ತೀನಿ ಅಂತ ಹೋಗಿ ಹೇಳ್ಬೇಕು ಅವ್ನಿಗೆ."

ಮೂಲೆ ಅಂಗಡಿಯ ಯಜಮಾನ ಹೊಸ ಅಂಗಿ ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲೆ ಕಾಗದಗಳು ಸಿದ್ಧ. ಭಾವ ಸುತ್ತಿಬಳಸದೆ ಎಲ್ಲವನ್ನೂ ಹೇಳಿದರು, ಇಪ್ಪತ್ತನಾಲ್ಕು ಕಚ್ಚೂ ಸೇರಿದಂತೆ. ಯಜಮಾನರ ಮುಖದಲ್ಲಿ ಸಂತೋಷವೂ ಬೇಸರವೂ ಒಟ್ಟಿಗೆ ಬಂದು ಯಾವುದು ಮುಂದೆ ಹೋಗಬೇಕೆಂದು ತಿಳಿಯದೆ ನಿಂತವು.

"ನೀವು ಚೆನ್ನಾಗಿರೋದು ನಂಗೆ ಖುಷಿನೇ ಅಣ್ಣ. ಆದ್ರೆ ಕೈ ಹಿಡಿದು ಕೊಟ್ಟ ಮಾತು. ಎಂಟು ದಿನದಿಂದ ಹತ್ತಾರು ಜನಕ್ಕೆ ಹೇಳ್ಕೊಂಡು ಬಂದಿದೀನಿ. ನಾಳೆ ಯಾವ ಮುಖ ಇಟ್ಕೊಂಡು ಅಂಗಡಿ ತೆಗೀಲಿ?"

ಭಾವ ತಲೆ ತಗ್ಗಿಸಿದರು. ತಪ್ಪು ತಮ್ಮದೆಂದು ಅವರಿಗೆ ಗೊತ್ತಿತ್ತು. ಆಗ ಪುಟ್ಟಿ ಕುರ್ಚಿ ಎಳೆದುಕೊಂಡು ಕೂತಳು.

"ಚಿಕ್ಕಪ್ಪ, ನಿಮ್ಗೆ ಬೇಕಿರೋದು ನಮ್ಮ ಮಂಡಿ ಅಲ್ಲ, ಮಾಗಿಸೋ ಜಾಗ. ಮೂರನೇ ಕೋಣೇಲಿ ನಾಲ್ಕು ಅಟ್ಟಿ ನಿಮ್ಗೆ. ನಿಮ್ಮ ಕಾಯಿ ತಂದಿಡಿ, ನಾವು ಮಾಗಿಸಿ ಕೊಡ್ತೀವಿ. ಕರಾರು ಮುಗಿಯೋವರೆಗೆ, ಹತ್ತೂ ವರ್ಷ."

ಯಜಮಾನರು ಗಲ್ಲ ತುರಿಸಿಕೊಂಡರು. ಎಂಟು ದಿನದಲ್ಲಿ ಅವರೂ ಲೆಕ್ಕ ಹಾಕಿದ್ದರೆಂದು ಕಾಣುತ್ತದೆ. ಮೂರು ಕೋಣೆ ನಡೆಸುವುದು ಹುಡುಗಾಟವಲ್ಲ, ಅದಕ್ಕೆ ನಾಲಿಗೆ ಬೇಕು.

"ರುಚಿ ಯಾರು ನೋಡ್ತಾರೆ?" ಅಂದರು. "ನಂಗೆ ಅಣ್ಣನ ನಾಲಿಗೆ ಮೇಲೆ ನಂಬಿಕೆ. ಬೇಜಾರು ಮಾಡ್ಕೋಬೇಡಮ್ಮ."

"ಆರು ತಿಂಗಳಿಗೊಂದ್ಸಲ ನಾಲ್ಕು ದಿನ ನನ್ನ ಬಾಯಿ ಬಂದ್" ಅಂದರು ಭಾವ. "ಆವಾಗ ಅವಳ್ದು. ಉಳಿದ ದಿನ ಇಬ್ರದ್ದೂ."

"ಇಬ್ರೂ ಬೇರೆ ಬೇರೆ ಹೇಳಿದ್ರೆ?"

ಭಾವ ಮಗಳ ಕಡೆ ತಿರುಗಿದರು. ಅವಳು ನೋಟ ತಗ್ಗಿಸಲಿಲ್ಲ.

"ಅವಳು ಹೇಳಿದ್ದು" ಅಂದರು. ಕೂಡಲೇ ಬೆರಳೆತ್ತಿ ಸೇರಿಸಿದರು: "ಐದನೇ ವರ್ಷದಿಂದ. ಅಲ್ಲೀವರೆಗೆ ನಾನು ಹೇಳಿದ್ದೇ."

ಪುಟ್ಟಿ ಹೊಸ ಹಾಳೆ ತೆಗೆದುಕೊಂಡು ಮಾತಾದದ್ದನ್ನೆಲ್ಲ ಒಂದೊಂದಾಗಿ ಬರೆದಳು. ಭಾವ ಅದನ್ನು ಕೈಗೆತ್ತಿಕೊಂಡು ಓದುತ್ತಾ ಹೋದರು, ಕೊನೆಯ ಸಾಲಿನಲ್ಲಿ ನಿಂತರು. ಅಲ್ಲಿ 'ಎರಡನೇ ವರ್ಷದಿಂದ' ಎಂದಿತ್ತು.

"ಏನಯ್ಯಾ, ಇವಳು ನನ್ನನ್ನ ಮುಳುಗಿಸ್ತಾಳೆ" ಎಂದು ನನಗೆ ಹೇಳಿ, ಪೆನ್ನು ತೆಗೆದುಕೊಂಡು 'ಎರಡನೇ' ಎಂಬುದನ್ನು ಹೊಡೆದುಹಾಕಿ 'ಮೂರನೇ' ಎಂದು ತಿದ್ದಿ, ಸಹಿ ಹಾಕಿದರು.